ಖೂಬಾ ಪ್ಲಾಟಿನಲ್ಲಿ ಮ್ವೇಲ್ ಅಜ್ಜಿಯ ಗೆರೆಗಳು

ಮಂಡ್ಯದಿಂದ ಕಲಬುರಗಿಗೆ ಬಂದು ಖೂಬಾ ಪ್ಲಾಟ್ ಎಂಬ ಬಡಾವಣೆಯ ಬಾಡಿಗೆ ಮನೆ ಸೇರಿದ ಮೊದಲ ವಾರ. ಬಾಗಿಲು ತಟ್ಟಿದ ಸದ್ದಿಗೆ ತೆರೆದರೆ ಎದುರಿಗೆ ಎತ್ತರದ ಆಫ್ರಿಕದ ಹೆಣ್ಣುಮಗಳು.

"ಅಕ್ಕಾರ, ನಿಮ್ಮ ಬಲ್ಲಿ ಪುಂಡಿ ಅದೇನ್ರಿ? ಕಾಯಿಪಲ್ಲೆ ಮಾರಾಕಿ ಇವತ್ತ ಬಂದಿಲ್ಲ."

ನನಗೆ ಏನೂ ತಿಳಿಯಲಿಲ್ಲ. ಹುಟ್ಟಿನಿಂದ ಕನ್ನಡವನ್ನೇ ಆಡಿದ ನಾನು ಕಾಂಗೋದವಳ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟೆ. ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು, ತನ್ನ ಹೆಸರು ಕ್ಲಾರಿಸ್ ಎಂದಳು.

ಪುಂಡಿ ಎಂದರೆ ಹುಳಿ ಸೊಪ್ಪು. ಇಲ್ಲಿ ಅದಕ್ಕೆ ಜೋಳದ ನುಚ್ಚು ಹಾಕಿ ಬೇಯಿಸಿ ರೊಟ್ಟಿಯ ಜೊತೆ ತಿನ್ನುತ್ತಾರೆ. ಕ್ಲಾರಿಸ್‌ಳ ದೇಶದಲ್ಲಿಯೂ ಆ ಸೊಪ್ಪು ದಿನದ ಊಟವಂತೆ. ಹಾಗಾಗಿ ಮುದ್ದೆ, ಬಸ್ಸಾರಿಗೆ ಹಂಬಲಿಸುತ್ತಿದ್ದ ನನಗಿಂತ ಅವಳಿಗೇ ಈ ಊರಿನ ಅಡುಗೆ ಬೇಗ ಒಗ್ಗಿತ್ತು. ನಾನು ಖಾಸಗಿ ಕಾಲೇಜಿನಲ್ಲಿ ಚಿತ್ರಕಲೆ ಕಲಿಸಲು ಬಂದವಳು. ಅವಳು ಪದವಿ ಓದಲು ನನಗಿಂತ ಎರಡು ವರ್ಷ ಮೊದಲೇ ಬಂದು ಇಲ್ಲಿಯ ಮಾತು ಕಲಿತವಳು. ಪಕ್ಕದ ಕೋಣೆ ಅವಳದು.

ಇಬ್ಬರಿಗೂ ಮನೆ ಹುಡುಕಿಕೊಟ್ಟದ್ದು ಶಾಂತಕ್ಕ, ನಮ್ಮ ಕಾಲೇಜಿನಲ್ಲಿ ಉಡುಪು ವಿನ್ಯಾಸ ಕಲಿಸುವವರು. ಆಫ್ರಿಕದವಳು ಎಂದೊಡನೆ ಮುಖ ತಿರುಗಿಸಿದ ಮನೆಮಾಲೀಕರಿಗೆಲ್ಲ "ನಮ್ಮ ಮನಿ ಮಗಳಿದ್ದಂಗ ನೋಡ್ರಿ" ಎಂದು ಹೇಳಿ ಬಾಗಿಲು ತೆರೆಸಿದವರು ಅವರೇ. ನನಗೆ ಜ್ವರ ಬಂದಾಗ ಗಂಜಿ ತಂದವರೂ ಅವರೇ. ಊರಲ್ಲಿ ನನ್ನ ತಾಯಿ ಮಾಡುತ್ತಿದ್ದುದನ್ನೆಲ್ಲ ಇಲ್ಲಿ ಅವರು ಮಾಡಿದರು.

ಕ್ಲಾರಿಸ್ ಕಾಂಗೋದ ಕುಬಾ ಜನಾಂಗದವಳು. "ಕುಬಾದಾಕಿ ಖೂಬಾ ಪ್ಲಾಟಿಗೆ ಬಂದೀನ್ರಿ" ಎಂದು ಪರಿಚಯವಾದವರಿಗೆಲ್ಲ ಹೇಳುವಳು. ಸಂಜೆ ಮೆಟ್ಟಿಲ ಮೇಲೆ ಕೂತು ಕಸೂತಿ ಹಾಕುತ್ತಿದ್ದಳು. ಅವರಲ್ಲಿ ರಾಫಿಯಾ ಎಂಬ ತಾಳೆಯ ನಾರಿನಲ್ಲಿ ಗಂಡಸರು ಬಟ್ಟೆ ನೇಯುತ್ತಾರೆ, ಹೆಂಗಸರು ಅದರ ಮೇಲೆ ಕಸೂತಿ ತುಂಬುತ್ತಾರೆ. ಮೊದಲೇ ಗೆರೆ ಬರೆದುಕೊಳ್ಳುವುದಿಲ್ಲ, ಎಲ್ಲ ನೆನಪಿನಿಂದ. ನೇರ ಸಾಗುತ್ತಿದ್ದ ಗೆರೆ ನಡುವೆ ತಟ್ಟನೆ ದಿಕ್ಕು ಬದಲಿಸುತ್ತದೆ, ಕಣ್ಣು ಅಲ್ಲೇ ನಿಲ್ಲುತ್ತದೆ. ಹೊಸ ವಿನ್ಯಾಸ ಕಂಡುಹಿಡಿದವರ ಹೆಸರನ್ನೇ ಅದಕ್ಕೆ ಇಡುವುದುಂಟಂತೆ. ಪಟ್ಟಕ್ಕೇರಿದ ರಾಜನಿಗೂ ಆ ಆಸೆ ಇರುತ್ತಿತ್ತಂತೆ.

"ಇದು ಮ್ವೇಲ್" ಎಂದು ಒಂದು ಬಟ್ಟೆಯನ್ನು ನನ್ನ ತೊಡೆಯ ಮೇಲೆ ಹಾಸಿದಳು. "ನಮ್ಮ ಅಜ್ಜಿ ಹೆಸರ. ಗುಡಿಯಾಗ ವಚನ ಹಾಡ್ತಾರಲ್ರಿ, ಕಡೀಕ ಅಂಕಿತ ಬರ್ತದಲ್ಲ? ಹಂಗ ನಮಗ ಇದು."

ನಾನು ಪಾಠ ಮಾಡುತ್ತಿದ್ದ ಪುಸ್ತಕದಲ್ಲಿ ಯುರೋಪಿನ ಚಿತ್ರಕಾರರ ಹೆಸರುಗಳಿದ್ದವು. ಅವರು ನೋಡಿ ಕಲಿತ ಆಫ್ರಿಕದ ಕೈಗಳಿಗೆ ಮಾತ್ರ ಹೆಸರಿರಲಿಲ್ಲ.

ಒಂದು ಭಾನುವಾರ ಶಾಂತಕ್ಕ ನಮ್ಮಿಬ್ಬರನ್ನೂ ಕಮಲಾಪುರದ ತಮ್ಮ ತವರಿಗೆ ಕರೆದೊಯ್ದರು. ತೋಟದಲ್ಲಿ ಕೆಂಪು ಬಾಳೆಗೊನೆಗಳು. ಊಟವಾದ ಮೇಲೆ ಕ್ಲಾರಿಸ್ ಅಜ್ಜಿಯ ಬಟ್ಟೆಯನ್ನು ಪಡಸಾಲೆಯಲ್ಲಿ ಹರಡಿದಳು. ಶಾಂತಕ್ಕ ಬಾಗಿ ಗೆರೆಯ ಮೇಲೆ ಬೆರಳಾಡಿಸಿದರು.

"ಫೋಟೋ ಹೊಡಕೊಳ್ಳೇನವಾ? ನಮ್ಮ ಹುಡುಗ್ಯಾರಿಗೆ ತೋರಸಬೇಕು."

"ಹೊಡಕೊಳ್ರಿ. ಆದ್ರ ತೋರಸುವಾಗ ಅಜ್ಜಿ ಹೆಸರ ಹೇಳ್ರಿ."

"ಖರೇನವಾ. ಹೆಸರ ಹೇಳದ ಹ್ಯಾಂಗ ತೋರಸಲಿ?"

ಬೇಸಿಗೆ ಕಳೆದ ಮೇಲೆ ಶರಣಬಸವೇಶ್ವರ ದೇವಸ್ಥಾನದ ಹತ್ತಿರದ ಸಭಾಂಗಣದಲ್ಲಿ ಶಾಂತಕ್ಕನ ಸೀರೆಗಳ ಪ್ರದರ್ಶನ ನಡೆಯಿತು. ಒಳಗೆ ಕಾಲಿಟ್ಟ ಕ್ಲಾರಿಸ್ ನನ್ನ ತೋಳು ಹಿಡಿದು ನಿಂತುಬಿಟ್ಟಳು. ಗೋಡೆಯುದ್ದಕ್ಕೂ ಮ್ವೇಲ್. ಕೆಂಪು ಸೀರೆಯಲ್ಲಿ, ಹಸಿರು ಸೀರೆಯಲ್ಲಿ, ಪ್ರತಿ ಸೆರಗಿನಲ್ಲಿ ಗೆರೆ ಅದೇ ಜಾಗದಲ್ಲಿ ದಿಕ್ಕು ಬದಲಿಸುತ್ತಿತ್ತು. ಮೇಲೆ ದೊಡ್ಡ ಅಕ್ಷರದಲ್ಲಿ 'ಶಾಂತಾ ವಿನ್ಯಾಸ'.

ಶಾಂತಕ್ಕ ಮೈಕಿನ ಮುಂದೆ ಹೇಳುತ್ತಿದ್ದರು. "ಕಮಲಾಪುರದ ನಮ್ಮ ತ್ವಾಟದಾಗ ಬಾಳಿ ಎಲಿ ಸಂದ್ಯಾಗಿಂದ ಬಿಸಲ ಬೀಳ್ತದ. ಸಣ್ಣಾಕಿ ಇದ್ದಾಗಿಂದ ನೋಡೀನಿ. ಅದ ನನ್ನ ಕೈಯಾಗ ಹಿಂಗ ಬಂತು."

ಕ್ಲಾರಿಸ್‌ಗೆ ಆ ಕನ್ನಡದ ಒಂದೊಂದು ಮಾತೂ ಅರ್ಥವಾಗುತ್ತಿತ್ತು. ಅಂದು ಅವಳಿಗೆ ಅದು ಬಾರದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸಿತು ನನಗೆ.

ಚಪ್ಪಾಳೆ ನಿಂತ ಮೇಲೆ ಅವಳು ಹತ್ತಿರ ಹೋಗಿ, "ಅಕ್ಕಾ, ಇದರ ಹೆಸರ ಮ್ವೇಲ್ ಅಲ್ಲೇನ್ರಿ?" ಎಂದಳು.

ಶಾಂತಕ್ಕ ನಕ್ಕರು. "ಅಡವಿ ಮಂದಿ ಹಾಕೋ ಗೆರಿ ಎಲ್ಲಾ ಒಂದ ಥರಾ ಇರ್ತಾವ ತಂಗಿ. ಅದಕ್ಯಾರ ಹೆಸರ?"

ನಾನು ಮುಂದೆ ಹೋದೆ. ಅವರ ಕೈಯಿಂದ ಮೈಕ್ ತೆಗೆದುಕೊಂಡು, "ಈ ವಿನ್ಯಾಸ ಕ್ಲಾರಿಸ್‌ಳ ಅಜ್ಜಿಯದು. ಕಮಲಾಪುರದಲ್ಲಿ ನನ್ನ ಎದುರಿಗೇ ಇವರು ಅದರ ಫೋಟೋ ತೆಗೆದರು, ಹೆಸರು ಹೇಳುತ್ತೇನೆಂದು ಮಾತು ಕೊಟ್ಟರು" ಎಂದೆ. ಮುಂದಿನ ಸಾಲಿನ ಸಹೋದ್ಯೋಗಿಗಳು ತಲೆ ತಗ್ಗಿಸಿದರು. ಯಾರೋ ಮೈಕಿನ ವೈರ್ ಕಿತ್ತರು.

"ಮೈಸೂರ ಕಡೆಯಿಂದ ಬಂದು ನಮ್ಮೂರಾಗ ನಮಗ ಬುದ್ಧಿ ಹೇಳ್ತೀರಿ?" ಎಂದರು ಶಾಂತಕ್ಕ. "ನಿಮಗ ಮನಿ ಕೊಡ್ಸಿದಾಕಿ ನಾನು. ಹೊರಗಿನವರು ಹೊರಗಿನವರೇ ನೋಡ್ರಿ."

ಕ್ಲಾರಿಸ್ ಮತ್ತು ನಾನು ಹೊರಗೆ ನಡೆದೆವು. ಸೀರೆಗಳು ಮಾತ್ರ ಖರ್ಚಾದವು. ಈಗಲೂ ಪೇಟೆಯಲ್ಲಿ ಅವನ್ನು ಉಟ್ಟವರು ಕಾಣಿಸುತ್ತಾರೆ.

ಕ್ಲಾರಿಸ್ ಆ ತಿಂಗಳೇ ಕೋಣೆ ಬಿಟ್ಟು ಊರಂಚಿನ ಶರಣಸಿರಸಗಿಗೆ ಹೋದಳು. ಸಾಮಾನು ಕಟ್ಟುವಾಗ ನಾನು, "ನಾನು ನಿನ್ನ ಕಡೆಯವಳಲ್ಲವೇನೇ?" ಎಂದು ಕೇಳಿದೆ.

"ನೀವು ಭಾಳ ಛಲೋದವ್ರು ಅಕ್ಕಾರ" ಎಂದಳು. ಹಗ್ಗದ ಗಂಟು ಬಿಗಿಯುತ್ತಿದ್ದವಳು ಮುಖ ಎತ್ತಲಿಲ್ಲ. "ಆದ್ರ ನೀವೂ ಇಲ್ಲಿಯವ್ರೇ ಅಲ್ಲೇನ್ರಿ?"

ಮಂಡ್ಯಕ್ಕೆ ಹೋದರೆ ತಮ್ಮ ನನ್ನನ್ನು ಗುಲ್ಬರ್ಗದವಳು ಎಂದು ಕರೆಯುತ್ತಾನೆ. ಅಲ್ಲೇ ಒಂದು ಕೆಲಸ ಖಾಲಿ ಇದೆ, ಬಂದುಬಿಡು ಎನ್ನುತ್ತಾನೆ. ಇನ್ನೂ ಉತ್ತರ ಕೊಟ್ಟಿಲ್ಲ. ಕಾಲೇಜಿನಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿಯೇ ಇರುತ್ತದೆ. ಶಾಂತಕ್ಕನ ಪಾಲಿಗೆ ನಾನು ಹೊರಗಿನವಳು, ಕ್ಲಾರಿಸ್‌ಳ ಪಾಲಿಗೆ ಒಳಗಿನವಳು.

ಕಳೆದ ಭಾನುವಾರ ಶರಣಸಿರಸಗಿಗೆ ಹೋಗಿದ್ದೆ. ಕಿಟಕಿಯಿಂದ ನೋಡಿದೆ, ಅವಳು ಹೊಸದೇನೋ ಹೊಲಿಯುತ್ತಿದ್ದಳು. ನನ್ನನ್ನು ಕಂಡು ಎದ್ದಳು, ನಕ್ಕಳು. ಮೊದಲು ಬಟ್ಟೆಯನ್ನು ಮಡಚಿ ದಿಂಬಿನ ಕೆಳಗೆ ಇಟ್ಟಳು. ಆಮೇಲೆ ಬಾಗಿಲು ತೆರೆದು, "ಬರ್ರಿ ಅಕ್ಕಾರ, ಚಾ ಕುಡೀರಿ" ಎಂದಳು.