ಮಾಲೆ ಹಾಕದ ಮೀನು

ಕೋಳಿ ಕರುಳಿನ ವಾಸನೆ ಒಂದು ಸಲ ಕೈಗೆ ಹತ್ತಿತೆಂದರೆ ಸೀಗೆಪುಡಿಗೂ ಹೋಗುವುದಿಲ್ಲ, ಹುಣಸೆಹಣ್ಣಿಗೂ ಹೋಗುವುದಿಲ್ಲ. ನಮ್ಮ ಯಜಮಾನರು ಕಬ್ಬಿನ ಗದ್ದೆಯ ತಗ್ಗಿನಲ್ಲಿ ಹೊಂಡ ತೋಡಿಸಿ ಕೊರವ ಮೀನು ಬಿಟ್ಟ ಮೇಲೆ ನನಗೆ ಬಂದ ವಿದ್ಯೆ ಇದು.

ಕೊರವನಿಗೆ ತಲೆ ಹಾವಿನದು, ಬುದ್ಧಿಯೂ ಹೆಚ್ಚುಕಡಿಮೆ ಅದರದೇ. ಮುಳ್ಳು ಕಡಿಮೆ, ರುಚಿ ಜಾಸ್ತಿ ಅಂತ ನಮ್ಮ ಕಡೆ ಅದಕ್ಕೆ ಎಲ್ಲಿಲ್ಲದ ಮರ್ಯಾದೆ. ಹಿಂಡಿ ಬೂಸಾ ಹಾಕಿದರೆ ಮೂಸಿಯೂ ನೋಡುವುದಿಲ್ಲ, ಅದಕ್ಕೆ ಮಾಂಸವೇ ಆಗಬೇಕು. ಅದಕ್ಕಾಗಿ ಯಜಮಾನರು ದಿನಾ ಭಾರತೀನಗರದ ಕೋಳಿ ಅಂಗಡಿಗಳ ಮುಂದೆ ಕಾದು ನಿಂತು, ಕರುಳು, ಚರ್ಮ, ಕಾಲುಗಳನ್ನೆಲ್ಲ ನೀಲಿ ಡ್ರಮ್ಮಿಗೆ ತುಂಬಿಸಿ ಮೊಪೆಡ್ಡಿನ ಹಿಂದೆ ಬಿಗಿದುಕೊಂಡು ಬರುತ್ತಿದ್ದರು. ಫ್ಯಾಕ್ಟರಿಗೆ ಹೋಗುವ ಕಬ್ಬಿನ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡ ದಿನ ಡ್ರಮ್ಮು ಬಿಸಿಲಿಗೆ ಬೆಂದು, ಮನೆ ಮುಟ್ಟುವ ಹೊತ್ತಿಗೆ ಮುಚ್ಚಳ ತಾನಾಗಿ ಮೇಲಕ್ಕೆ ಉಬ್ಬಿರುತ್ತಿತ್ತು. ತರುವುದು ಅವರ ಕೆಲಸ, ಬಕೆಟ್ಟಿಗೆ ತೋಡಿಕೊಂಡು ಎರಚುವುದು ನನ್ನದು. ಈ ಹಂಚಿಕೆಯನ್ನು ಯಾರು ಮಾಡಿದರೋ ನನಗೆ ಇವತ್ತಿಗೂ ತಿಳಿಯದು.

ದಂಡೆಯ ಮೇಲೆ ನನ್ನ ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ಕಪ್ಪು ತಲೆಗಳು ಮೇಲೆ ಬಂದು ಬಾಯಿ ಕಳೆಯುತ್ತಿದ್ದವು. ಒಂದೇ ಕರುಳನ್ನು ಎರಡು ಮೀನುಗಳು ಎರಡು ತುದಿಯಿಂದ ನುಂಗುತ್ತ ಬಂದು ಮೂತಿಗೆ ಮೂತಿ ತಾಗಿಸಿಕೊಂಡು ಜಗ್ಗಾಡುತ್ತಿದ್ದವು. ನೀರಿನ ಮೇಲೆ ಜಿಡ್ಡು, ಜಿಡ್ಡಿನ ಮೇಲೆ ನೊಣ. ನಾನು ಮುಖ ತಿರುಗಿಸಿಕೊಂಡೇ ಎರಚುತ್ತಿದ್ದೆ. ಆ ಹೊಂಡಕ್ಕೆ ಮೀನು ಬಿಟ್ಟ ದಿನದಿಂದ ಮೀನು ತಿನ್ನುವುದನ್ನು ಬಿಟ್ಟೆ.

ಆ ವರ್ಷ ಮಗಳಿಗೆ ಮಳವಳ್ಳಿ ಕಡೆಯ ಗಂಡು ಗೊತ್ತಾಯಿತು. ನಿಶ್ಚಿತಾರ್ಥದ ದಿನ ಎಲ್ಲರ ಎದುರಿಗೆ ಯಜಮಾನರು ಎದೆಯುಬ್ಬಿಸಿಕೊಂಡು, "ಬೀಗರೂಟಕ್ಕೆ ಪ್ಯಾಟೆ ಮೀನು ತರಾಕಿಲ್ಲ. ನಮ್ ಒಂಡದ ಕೊರವನ್ನೇ ಬಡುಸ್ತೀನಿ. ಇಲ್ದಿದ್ರೆ ಎಲೆ ಮುಂದ್ಲಿಂದ ಎದ್ದೋಗಿ" ಅಂದುಬಿಟ್ಟರು. ಬೀಗರು ಸಂತೋಷದಿಂದ ತೊಡೆ ತಟ್ಟಿದರು. ನನಗೆ ಮಾತ್ರ ನನ್ನ ಮದುವೆ ನೆನಪಾಯಿತು. ನನ್ನ ಮದುವೆಯ ಬೀಗರೂಟದಲ್ಲಿ ಬೋಟಿ ಗೊಜ್ಜು ಕೊನೆಯ ಸಾಲಿಗೆ ಸಾಲಲಿಲ್ಲ. ಅದನ್ನು ನಮ್ಮತ್ತೆ ಉಸಿರಿರುವ ತನಕ ಆಡಿ ತೋರಿಸಿದರು. ಗಂಡಸರು ಆಡಿದ ಮಾತಿಗೆ ಹೆಂಗಸರು ಮಾತು ಕೇಳಬೇಕು. ಮೀನು ಬರದಿದ್ದರೆ ಕೇಳಬೇಕಾದವಳು ನನ್ನ ಮಗಳು.

ಮದುವೆ ಸಾಂಗವಾಗಿ ಆಗಲಿ ಅಂತ ಯಜಮಾನರು ಕಾರ್ತೀಕದಲ್ಲಿ ಅಯ್ಯಪ್ಪನ ಮಾಲೆ ಹಾಕಿದರು. ಕಪ್ಪು ಪಂಚೆ, ತಣ್ಣೀರು ಸ್ನಾನ, ಚಾಪೆ. ಕಟ್ಟಿಕೊಂಡ ಗಂಡನನ್ನು ನಾನು 'ಸ್ವಾಮಿ' ಅಂತ ಕರೆಯಬೇಕು. ಮನೆಯಲ್ಲಿ ಮೊಟ್ಟೆಯ ಸಿಪ್ಪೆಯೂ ಇರಕೂಡದು. ಎಲ್ಲ ಸರಿ, ಹೊಂಡದ ಗತಿ ಏನು ಅಂತ ಕೇಳಿದೆ.

"ಸ್ವಾಮಿ ಮನೆಗೆ ಕೋಳಿ ಕಳ್ಳು ಪಚ್ಚಿ ಬರಂಗಿಲ್ಲ. ಮೀನೂ ನಮ್ಮನೇವೇ ತಾನೆ? ಅವೂ ವ್ರತ ಮಾಡ್ಲಿ ಬುಡು."

"ಅವುಕ್ಕೂ ಮಾಲೆ ಆಕ್ಸಿದ್ದೀರಾ ಸ್ವಾಮಿ?"

"ಒಟ್ಟೆ ಅಸುದ್ರೆ ಮುದ್ದೆ ತಿಂತವೆ. ಇಟ್ಟು ತಿಂದೋನು ಬೆಟ್ಟ ಕಿತ್ತಿಟ್ಟ ಅನ್ನಾದು ಸುಮ್ನೆ ಅಲ್ಲ ಕಣಮ್ಮಿ."

"ಉಟ್ಟುಗುಣ ಸುಟ್ರೂ ಓಗಕಿಲ್ಲ ಅಂತ್ಲೂ ಅಂತಾರೆ" ಅಂದೆ. ಸ್ವಾಮಿಗಳು ಶರಣು ಕೂಗುತ್ತ ಎದ್ದು ಹೋದರು.

ಮುದ್ದೆ ತೊಳಸಿ, ತುತ್ತು ಮಾಡಿ ಹೊಂಡಕ್ಕೆ ಹಾಕಿದೆ. ಕೊರವಗಳು ಮೇಲೆ ಬಂದವು, ಬಾಯಿ ಕಳೆದವು, ತುತ್ತನ್ನು ಮೂತಿಯಿಂದ ತಳ್ಳಿ ಹೋದವು. ದಿನಾ ಇದೇ ಆಯಿತು. ಹಾಕಿದ ಮುದ್ದೆಯೆಲ್ಲ ತಳದಲ್ಲಿ ಕೊಳೆತು ಹುಳಿವಾಸನೆ ಎದ್ದಿತು. ಕರುಳಿನ ವಾಸನೆಯೇ ವಾಸಿ ಅನ್ನಿಸುವ ಕಾಲವೂ ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಬರುಬರುತ್ತ ಮೇಲೆ ಬರುವ ತಲೆಗಳು ಕಡಿಮೆಯಾದವು, ಬಂದ ತಲೆಗಳು ದಪ್ಪಗಿದ್ದವು. ಒಂದು ಬೆಳಿಗ್ಗೆ ದಂಡೆಯ ಪಕ್ಕದಲ್ಲೇ ಒಂದು ಮೀನು ಮಿಸುಕದೆ ನಿಂತಿತ್ತು. ಅದರ ಬಾಯಿಂದ ಇನ್ನೊಂದರ ಬಾಲ ಹೊರಗಿದ್ದು, ಆ ಬಾಲ ಇನ್ನೂ ಅಲ್ಲಾಡುತ್ತಿತ್ತು. ನಾನು ಅಲ್ಲೇ ಕೂತು ವಾಂತಿ ಮಾಡಿಕೊಂಡೆ. ಮನೆಗೆ ಬಂದು ಸ್ವಾಮಿಗೆ ಹೇಳಿದರೆ, "ಆಟ ಆಡ್ತಿರ್ತವೆ" ಅಂದರು. ಅಂಥ ಆಟವನ್ನು ನಾನು ಎಲ್ಲೂ ಕಂಡಿಲ್ಲ.

ಸಂಕ್ರಾಂತಿ ಕಳೆದು ಮಾಲೆ ಇಳಿಯಿತು. ಡ್ರಮ್ಮು ಮತ್ತೆ ಮೊಪೆಡ್ಡು ಏರಿತು. ಆದರೆ ತಿನ್ನಲು ಮೇಲೆ ಬರುವವರೇ ಇರಲಿಲ್ಲ.

ಮದುವೆ ಮುಗಿಯಿತು. ಬೀಗರೂಟದ ಹಿಂದಿನ ದಿನ ನೀರು ತೆಗೆಸಿ ಬಲೆ ಬಿಟ್ಟರು. ಹೊಂಡದ ತುಂಬ ಇದ್ದ ಮೀನಿನಲ್ಲಿ ಕೆಸರಲ್ಲಿ ಸಿಕ್ಕಿದ್ದು ಒಂದು ಮಂಕರಿಯಷ್ಟು. ಒಂದೊಂದೂ ತೊಡೆ ಗಾತ್ರ. ಯಜಮಾನರು ದಂಡೆಯ ಮೇಲೆ ತಲೆಗೆ ಕೈಹೊತ್ತು ಕೂತರು. "ಮೊದಲ್ನೇ ಸಾಲಿಗೆ ಆಯ್ತದೆ. ಬೀಗರು ತಿಂದ್ರೆ ಸಾಕು, ಮಿಕ್ಕೋರ್ಗೆ ಕುರಿ ಐತೆ" ಅಂದರು. ಅವರ ಮುಖ ನೋಡಿ ಅಯ್ಯೋ ಅನ್ನಿಸಿತು, ಒಂದು ಗಳಿಗೆ ಮಾತ್ರ.

ಹಿತ್ತಲಲ್ಲಿ ಬೂದಿ ಹಚ್ಚಿ ಮೀನು ಉಜ್ಜಿ ಕೊಯ್ಯಲು ಕೂತೆ. ಅರಿಶಿನದ ಮೈಯಲ್ಲಿ ಮಗಳು ಪಕ್ಕ ಬಂದು ಕುಕ್ಕರಗಾಲಲ್ಲಿ ಕೂತಳು. ಎಲ್ಲಕ್ಕಿಂತ ದೊಡ್ಡದರ ಹೊಟ್ಟೆ ಸೀಳಿದೆ. ಒಳಗೆ ಇನ್ನೊಂದು ಕೊರವ. ಮೈಯೆಲ್ಲ ಕರಗಿ ಗಂಜಿಯಾಗಿತ್ತು, ತಲೆ ಮಾತ್ರ ಹಾಗೇ ಇತ್ತು, ಕಣ್ಣು ಬಿಟ್ಟುಕೊಂಡು. ಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಎದ್ದು ಹೋದಳು.

ಮಾರನೆಯ ದಿನ ಶಾಮಿಯಾನದ ಕೆಳಗೆ ಬೀಗರ ಸಾಲು ಕೂತಿತು. ಮೀನಿನ ಸಾರಿನ ಬಕೆಟ್ಟು ಹಿಡಿದವಳು ನಾನೇ. ಬೀಗರು ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಅದೇನ್ ಆಕಿ ಸಾಕುದ್ರಿ ಬೀಗ್ರೇ, ಇಂಗೈತಲ್ಲ ರುಚಿ?"

ಯಜಮಾನರು ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡರು. "ಬರೀ ರಾಗಿಮುದ್ದೆ. ಸ್ವಾಮಿ ವ್ರತದಲ್ಲಿ ಬೆಳ್ದ ಮೀನು. ಸುದ್ಧ."

ಅದೇ ಹೊತ್ತಿಗೆ ಮಗಳ ಅತ್ತೆ ಪ್ರೀತಿಯಿಂದ ಅವಳ ಎಲೆಗೆ ದೊಡ್ಡ ತುಂಡೊಂದನ್ನು ಇಟ್ಟು, "ತಿನ್ನವ್ವ" ಅಂದರು. ಮಗಳು ನನ್ನ ಕಡೆ ನೋಡಿದಳು. ತುತ್ತು ಬಾಯಿಗಿಟ್ಟಳು, ಆಗಲಿಲ್ಲ. ಬಾಯಿ ಮುಚ್ಚಿಕೊಂಡು ಕೊಳಾಯಿ ಕಡೆ ಓಡಿದಳು. ಸಾಲಿಗೆ ಸಾಲೇ ತಿನ್ನುವುದನ್ನು ನಿಲ್ಲಿಸಿತು.

"ಯಾಕಂತೆ? ನಮ್ ಕೈಲಿ ಇಕ್ಕುದ್ರೆ ಸೇರಾಕಿಲ್ವ?" ಅಂದರು ಅತ್ತೆ. ಶುರುವಾಯಿತು ಅಂದುಕೊಂಡೆ. ನನ್ನ ಮದುವೆಯ ಬೋಟಿ ಗೊಜ್ಜು ಕಣ್ಣೆದುರಿಗೆ ಬಂತು. ನನಗೆ ತಡೆಯಲಾಗಲಿಲ್ಲ.

"ಅವಳ ತಪ್ಪಲ್ಲ ಕಣಮ್ಮ. ಮುದ್ದೆ ಒಂದ್ ತುತ್ತೂ ತಿಂದಿಲ್ಲ ಇವು. ಒಂದನ್ನೊಂದು ತಿನ್ಕಂಡು ಬೆಳ್ದವೆ. ಕುಯ್ದಾಗ ಒಳಗಿರಾದನ್ನ ಅವಳು ಕಣ್ಣಾರೆ ನೋಡವ್ಳೆ."

ಯಜಮಾನರ ಮುಖದಲ್ಲಿ ರಕ್ತ ಇರಲಿಲ್ಲ. ಬೀಗರು ಕೈಯಲ್ಲಿದ್ದ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದರು. ನಾನು ಅವರು ಏಳುತ್ತಾರೆ ಅಂತಲೇ ಕಾದೆ.

"ಅಂಗನ್ನಿ ಮತ್ತೆ" ಅಂದರು. "ಅದ್ಕೇ ಈಟು ಕೊಬ್ಬು. ಇನ್ನೊಂದ್ ತುಂಡು ಆಕಿ."

ಸಾಲು ನಕ್ಕಿತು. ಎಲೆಗಳ ಮೇಲೆ ಕೈಗಳು ಮತ್ತೆ ಆಡಿದವು. ಯಜಮಾನರ ಮುಖಕ್ಕೆ ರಕ್ತ ವಾಪಸು ಬಂತು, ಅವರೂ ನಕ್ಕರು. ಅತ್ತೆ ಮಗಳ ಎಲೆಯಲ್ಲಿದ್ದ ತುಂಡನ್ನು ಎತ್ತಿ ತಮ್ಮ ಎಲೆಗೆ ಹಾಕಿಕೊಂಡು, "ಅಬ್ಯಾಸ ಆಯ್ತದೆ ಬುಡಿ" ಅಂದರು.

ಒಬ್ಬರಾದ ಮೇಲೆ ಒಬ್ಬರು ನನ್ನ ಬಕೆಟ್ಟಿನ ಕಡೆ ಮುಖ ಎತ್ತಿದರು. ಹೊಂಡದ ದಂಡೆಯ ಮೇಲೆ ನಿಂತ ಹಾಗೇ ಮುಖ ತಿರುಗಿಸಿಕೊಂಡು ಕೊನೆಯ ಎಲೆಯ ತನಕ ಬಡಿಸಿದೆ. ಕೊಳಾಯಿಯ ಹತ್ತಿರ ಮಗಳು ಇನ್ನೂ ಬಾಯಿ ತೊಳೆಯುತ್ತಿದ್ದಳು. ಸಂಜೆ ಅವಳನ್ನು ಈ ಬೀಗರ ಜೊತೆಯೇ ಕಳಿಸಬೇಕಾಗಿತ್ತು.