ದೊಡ್ಡಮ್ಮನ ಆರು ಡಿಗ್ರಿ

ಒಡವೆ ಕಂಡು ಹೊಟ್ಟೆ ಉರಿದುಕೊಳ್ಳುವವರನ್ನು ಬೇಕಾದಷ್ಟು ನೋಡಿದ್ದೇನೆ. ತಂಗಿಯ ಸೊಟ್ಟ ಬೆನ್ನು ಕಂಡು ಹೊಟ್ಟೆ ಉರಿದುಕೊಂಡವಳು ನನ್ನ ದೊಡ್ಡಮ್ಮ ಒಬ್ಬಳೇ. ಆ ತಂಗಿಯೇ ನನ್ನ ಅಮ್ಮ.

ಹನ್ನೊಂದನೇ ವಯಸ್ಸಿನಲ್ಲಿ ಅಮ್ಮನ ಬೆನ್ನುಮೂಳೆ ಒಂದು ಪಕ್ಕಕ್ಕೆ ಬಾಗತೊಡಗಿತು. ಅಂದಿನಿಂದ ಮೆತ್ತನೆಯ ದಿಂಬು ಅವಳಿಗೆ, ಕಿಟಕಿ ಪಕ್ಕದ ಮಂಚ ಅವಳಿಗೆ, ಅಜ್ಜಿಯ ಎಣ್ಣೆಗೈ ಅವಳ ಬೆನ್ನಿಗೆ. ಇಬ್ಬರ ಶಾಲೆಚೀಲವೂ ದೊಡ್ಡಮ್ಮನ ಹೆಗಲಿಗೆ. "ದೊಡ್ಡವಳಿಗೇನು, ಗುಂಡುಕಲ್ಲಿನ ಹಾಗಿದ್ದಾಳೆ" ಎನ್ನುತ್ತಿದ್ದಳಂತೆ ಅಜ್ಜಿ.

ದೊಡ್ಡಮ್ಮ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸಕ್ಕೆ ಸೇರಿದಳು. ಅಲ್ಲೂ ಪೀಡೆ ತಪ್ಪಲಿಲ್ಲ. ವರ್ಷಕ್ಕೊಮ್ಮೆ ಅಜ್ಜಿ ಅಮ್ಮನನ್ನು ಕರೆದುಕೊಂಡು ಹಾಜರಾಗುತ್ತಿದ್ದಳು. ದೊಡ್ಡಮ್ಮ ಫಿಲಂ ತೆಗೆದು, ಅದರ ಮೇಲೆ ಪೆನ್ಸಿಲ್ ಗೆರೆ ಎಳೆದು, ಕೋನಮಾಪಕ ಇಟ್ಟು ಬಾಗನ್ನು ಅಳೆಯಬೇಕು. ಆಮೇಲೆ ಬೆಳಕಿನ ಪೆಟ್ಟಿಗೆಯ ಮೇಲೆ ಎಡಕ್ಕೆ ಹೋದ ವರ್ಷದ್ದು, ಬಲಕ್ಕೆ ಈ ವರ್ಷದ್ದು. ಹದಿನೈದು ವರ್ಷದಿಂದ ಇದೇ ಕ್ರಮ, ಅಜ್ಜಿಗೂ ಬಾಯಿಪಾಠ. ಬಲಗಡೆಯದನ್ನು ನೋಡಿ ಅಜ್ಜಿ ಪ್ರತಿವರ್ಷ ಅಳುತ್ತಿದ್ದಳು.

"ಮೂವತ್ತೆಂಟು ಡಿಗ್ರಿ ಸೊಟ್ಟ ಇದ್ರೆ ಇಷ್ಟೊಂದು ಪ್ರೀತಿ" ಎಂದು ದೊಡ್ಡಮ್ಮ ನನ್ನ ಮುಂದೆಯೇ ಗೊಣಗುತ್ತಿದ್ದಳು. "ನನಗೊಂದು ಹತ್ತು ಇದ್ದಿದ್ರೆ ಸಾಕಿತ್ತು."

ಕೊನೆಗೊಂದು ವರ್ಷ, ತಡೆಯಲಾರದೆ, ಜೊತೆಯವಳಿಂದ ತನ್ನ ಬೆನ್ನಿನ ಫಿಲಂ ತೆಗೆಸಿಕೊಂಡಳು. ಮೂರು ಸಲ ಅಳೆದರೂ ಆರೇ ಡಿಗ್ರಿ. ಹತ್ತರೊಳಗಿನದನ್ನು ಡಾಕ್ಟರು ಬಾಗೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆದರೂ ಅಜ್ಜಿಗೆ ತೋರಿಸಲೇಬೇಕೆಂದು ಅವಳ ಹಟ.

ಅಜ್ಜಿ ಬಂದ ದಿನ, ಫಿಲಂ ತೆಗೆಸಿಕೊಂಡ ಅಮ್ಮ ಪರದೆಯ ಹಿಂದೆ ಬಟ್ಟೆ ಬದಲಿಸುತ್ತಿದ್ದಳು. ನಾನು ಬಾಗಿಲ ಬಳಿ ನಿಂತಿದ್ದೆ. ದೊಡ್ಡಮ್ಮ ಅವಸರದಲ್ಲಿ ಕ್ರಮವನ್ನೇ ಮರೆತು, ಅಮ್ಮನ ಹೊಸ ಫಿಲಂ ಎಡಕ್ಕೆ, ತನ್ನದು ಬಲಕ್ಕೆ ಸಿಕ್ಕಿಸಿ ದೀಪ ಹಾಕಿದಳು.

"ನೋಡಮ್ಮ, ಈ ಬಲಗಡೆದು..."

ಅಜ್ಜಿ ಮಾತು ಮುಗಿಸಲು ಬಿಡಲಿಲ್ಲ. "ಅಯ್ಯೋ ನನ್ನ ಕಂದ, ಚಿಕ್ಕವಳ ಬೆನ್ನು ನೆಟ್ಟಗಾಗಿಬಿಟ್ಟಿದೆಯಲ್ಲೇ" ಎಂದು ಫಿಲಂ ಮೇಲೆ ಅಂಗೈ ಇಟ್ಟು, ಕತ್ತಿನಿಂದ ಕೆಳಕ್ಕೆ ಒಂದೊಂದೇ ಮೂಳೆಯನ್ನು ಸವರತೊಡಗಿದಳು.

ದೊಡ್ಡಮ್ಮನ ಮುಖ ಕಪ್ಪಿಟ್ಟಿತು. ಹೇಳಲು ಬಾಯಿ ತೆರೆದಳು. ಅಜ್ಜಿಯ ಕೈ ಇನ್ನೂ ನಡುಬೆನ್ನಿನಲ್ಲಿತ್ತು. ದೊಡ್ಡಮ್ಮ ಬಾಯಿ ಮುಚ್ಚಿಕೊಂಡು, ಆ ಕೈ ಸೊಂಟ ಮುಟ್ಟುವ ತನಕ ಕಾದಳು.

"ಅದು ನಂದು ಕಣಮ್ಮ" ಎಂದಳು ಆಮೇಲೆ.

"ಓ, ನಿಂದಾ" ಎಂದು ಅಜ್ಜಿ ಕೈ ತೆಗೆದಳು. "ಮತ್ತೆ ಅವಳದ್ದೆಲ್ಲಿ?"