ಎರಡು ಶಾಲೆಯ ಲೆಕ್ಕ

ದಾವಣಗೆರೆಯ ಹೈಸ್ಕೂಲಿನ ಗಣಿತದ ಟೀಚರಿಗೆ ನಗು ಕಡಿಮೆ. ಮಾತಾಡುವಾಗ ಬೆರಳಿನ ಸೀಮೆಸುಣ್ಣವನ್ನು ಸೆರಗಿಗೆ ಒರೆಸುತ್ತಿದ್ದರು. ಏನು ಕೇಳಿದರೂ ಮೊದಲು "ತಡೀರಿ, ನೋಡೋಣ" ಎನ್ನುತ್ತಿದ್ದರು.

ನನ್ನ ಮೊಮ್ಮಗಳು ಹರಿಹರದ ಶಾಲೆಯಲ್ಲಿ ಕ್ಲಾಸಿಗೇ ಮೊದಲು. ಅಲ್ಲಿ ಪ್ರಾಜೆಕ್ಟು, ಹೋಂವರ್ಕಿಗೇ ಅರ್ಧದಷ್ಟು ಅಂಕ. ಈ ಹೈಸ್ಕೂಲಿಗೆ ಸೇರಿಸಿದಾಗ ಅದನ್ನೆಲ್ಲ ಬಿಟ್ಟು, ಪರೀಕ್ಷೆಯ ಅಂಕವನ್ನಷ್ಟೇ ಹಿಡಿದು ಬಿ ಸೆಕ್ಷನ್ನಿಗೆ ಹಾಕಿದರು. ಅದು ದಡ್ಡರ ಸೆಕ್ಷನ್ ಎಂದು ಮಕ್ಕಳು ಆಡಿಕೊಂಡರು. ಹುಡುಗಿ ಶಾಲೆಗೇ ಹೋಗುವುದಿಲ್ಲ ಎಂದು ಕೂತಳು. ನಾನೇ ಕೈ ಹಿಡಿದು, ಅಂಕದ ಲೆಕ್ಕ ನೋಡುತ್ತಿದ್ದ ಆ ಟೀಚರ ಹತ್ತಿರ ಕರೆದೊಯ್ದೆ.

"ಹರಿಹರದಾಗೆ ಶಾಣ್ಯಾ ಇದ್ದೋಳು, ಬಸ್ಸಿನಾಗೆ ಬರೋವಾಗ ದಡ್ಡಿ ಆದ್ಲೇನ್ರಿ?" ಎಂದು ಕೇಳಿದೆ.

ಟೀಚರು ಅವಳ ಅಂಕಗಳನ್ನು ಎರಡೂ ಶಾಲೆಯ ರೀತಿಯಲ್ಲಿ ಬೋರ್ಡಿನ ಮೇಲೆ ಕೂಡಿ ತೋರಿಸಿದರು.

"ಹುಡುಗಿ ಅದೇ ಹುಡುಗಿ, ಅಜ್ಜಿ. ಲೆಕ್ಕ ಹಾಕೋದು ಬ್ಯಾರೆ ಐತೆ. ಇಲ್ಲಿನ ಲೆಕ್ಕಾನ ನನ್ ಕೈಲಿ ಬದಲ್ಸಾಕೆ ಆಗಲ್ರಿ."

"ಹಂಗಾರೆ ನಿಮ್ಮ ಕೈಲಿ ಏನಾಗ್ತೈತ್ರಿ?" ಎಂದೆ.

ಅವರು ಬೆರಳನ್ನು ಸೆರಗಿಗೆ ಒರೆಸಿ, "ತಡೀರಿ, ನೋಡೋಣ" ಎಂದರು. ಅಲ್ಲಿಯವರೆಗೆ ಎ ಸೆಕ್ಷನ್ನಿಗೆ ಮಾತ್ರ ಪಾಠ ಮಾಡುತ್ತಿದ್ದವರು ಮರುವಾರ ಹೆಡ್‌ಮಾಸ್ಟರಿಗೆ ಹೇಳಿ ಬಿ ಸೆಕ್ಷನ್ನಿಗೆ ಬಂದರು. ತಮ್ಮ ಮಕ್ಕಳ ಟೀಚರನ್ನು ದಡ್ಡರಿಗೆ ಕೊಟ್ಟರೆಂದು ಎ ಸೆಕ್ಷನ್ನಿನ ತಾಯಂದಿರು ಜಗಳಕ್ಕೆ ಬಂದರು. ಟೀಚರು ಬಾಗಿಲು ಮುಂದೆ ಮಾಡಿ ಪಾಠ ನಡೆಸಿದರು. ಮೊಮ್ಮಗಳು ಒಳಗೆ ಪಾಠಕ್ಕೆ ಕೂತಿದ್ದಳು.